ನೇಮಕಾತಿ ಪತ್ರ ಆಮೇಲೆ ಕೊಡಿ, ಮೊದಲು ಸಂಬಳದ ಚೀಟಿ

2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಒಂದೇ ದಿನ ಜಾರಿಗೆ ತಂದಿತು. 29 ಹಳೆಯ ಕಾಯ್ದೆಗಳು ಆ ನಾಲ್ಕರೊಳಗೆ ಸೇರಿಹೋದವು. ಟಿ.ವಿ.ಯಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ ಹೆಚ್ಚು ಓಡಾಡಿದ್ದು ಮಾತ್ರ ಒಂದೇ ಸುದ್ದಿ: ಇನ್ನು ಮೇಲೆ ಕೆಲಸಕ್ಕಿರುವ ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ಕಡ್ಡಾಯ. ಮಧುಗಿರಿಯಲ್ಲಿ ಕೂತು ಊರವರ ಲೆಕ್ಕ ಬರೆದುಕೊಂಡು, ಜಿಎಸ್‌ಟಿ ರಿಟರ್ನ್, ಪಿಎಫ್, ಇಎಸ್‌ಐ ತುಂಬಿಕೊಂಡು ಬದುಕುವ ನನಗೆ ಅದರ ಬಿಸಿ ಬೇಗನೇ ತಟ್ಟಿತು. ಶಿರಾ ಹೆದ್ದಾರಿ ಬದಿಯ ಪೆಟ್ರೋಲ್ ಬಂಕಿನವರು, ಪಾವಗಡದ ಲಾಡ್ಜಿನವರು, ಕೊರಟಗೆರೆಯ ಒಂದು ಖಾಸಗಿ ಶಾಲೆಯ ಕಾರ್ಯದರ್ಶಿ, ಎಲ್ಲರ ಫೋನೂ ಅದೇ ವಿಷಯಕ್ಕೆ. "ಎಲ್ರಿಗೂ ಲೆಟರ್ ಕೊಡ್ಬೇಕಂತಲ್ಲ, ಹೌದಾ ಸಾರ್?"

ಎಲ್ಲರಿಗೂ ಎಂಬ ಮಾತು ಪೂರ್ತಿ ನಿಜವಲ್ಲ. ನೇಮಕಾತಿ ಪತ್ರದ ಕಲಮು ಇರುವುದು ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯಲ್ಲಿ. ಹೊಸಬರಿಗೆ ಸೇರುವಾಗಲೇ ಪತ್ರ ಕೊಡಬೇಕು, ಈಗಾಗಲೇ ಇರುವವರಿಗೆ ಸಂಹಿತೆ ಜಾರಿಯಾದ ಮೂರು ತಿಂಗಳೊಳಗೆ ಕೊಡಬೇಕು ಎಂದು ಅದು ಹೇಳುತ್ತದೆ. ಆದರೆ ‘ಸಂಸ್ಥೆ’ ಎನಿಸಿಕೊಳ್ಳಬೇಕಾದರೆ ಅಲ್ಲಿ ಹತ್ತು ಅಥವಾ ಹೆಚ್ಚು ಕೆಲಸಗಾರರಿರಬೇಕು ಎಂದೂ ಅದೇ ಸಂಹಿತೆ ಹೇಳುತ್ತದೆ. ಜಾಹೀರಾತಿನಲ್ಲಿ ಈ ಹತ್ತರ ಮಾತು ಬರಲಿಲ್ಲ.

ನಮ್ಮ ಕಡೆ ಒಂಬತ್ತು ಎಂಬ ಅಂಕಿಗೆ ವಿಶೇಷ ಮರ್ಯಾದೆ ಇದೆ. ಹತ್ತು ಜನರಾದರೆ ಇಎಸ್‌ಐ, ಇಪ್ಪತ್ತಾದರೆ ಪಿಎಫ್. ಹಾಗಾಗಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕುಗಳಲ್ಲಿ ಅರ್ಧಕ್ಕರ್ಧ ವ್ಯಾಪಾರ ಒಂಬತ್ತಕ್ಕೆ ನಿಲ್ಲುತ್ತದೆ, ಬೆಳೆದರೆ ಹತ್ತೊಂಬತ್ತಕ್ಕೆ. ಬಂಕು ಗಂಡನ ಹೆಸರಿನಲ್ಲಿ, ಅದರ ಪಕ್ಕದ ಹೋಟೆಲ್ ಹೆಂಡತಿಯ ಹೆಸರಿನಲ್ಲಿ, ಪಂಕ್ಚರ್ ಅಂಗಡಿ ಮೈದುನನ ಹೆಸರಿನಲ್ಲಿ. ಗಾಡಿಗೆ ಡೀಸೆಲ್ ಹಾಕಿದ ಹುಡುಗನೇ ಮಧ್ಯಾಹ್ನ ಹೋಟೆಲಿನಲ್ಲಿ ಅನ್ನ ಬಡಿಸುತ್ತಾನೆ. ಅವನಿಗೆ ನೇಮಕಾತಿ ಪತ್ರ ಕೊಡುವವರು ಯಾರು? ಕಾಗದದ ಪ್ರಕಾರ ಯಾರೂ ಇಲ್ಲ.

ಹಾಗಂತ ಇದೇನು ಹೊಸ ಕಡ್ಡಾಯವೂ ಅಲ್ಲ. ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ನೇಮಕಾತಿ ಆದೇಶ ಕೊಡಬೇಕೆಂಬ ಕಲಮು ಹತ್ತಾರು ವರ್ಷಗಳಿಂದ ಇದೆ. ಅದಕ್ಕೆ ‘ನಮೂನೆ ಕ್ಯೂ’ ಎಂಬ ಹೆಸರೂ ಇದೆ. ಇನ್‌ಸ್ಪೆಕ್ಷನ್ ಇದೆ ಎಂದು ಗೊತ್ತಾದ ಹಿಂದಿನ ರಾತ್ರಿ ಕೂತು, ಒಂದೇ ಪೆನ್ನಿನಲ್ಲಿ, ಬೇರೆ ಬೇರೆ ವರ್ಷಗಳ ತಾರೀಕು ಹಾಕಿ ಬರೆದ ನಮೂನೆ ಕ್ಯೂಗಳ ಕಟ್ಟನ್ನು ನಾನು ನೋಡಿದ್ದೇನೆ. ಕೆಲಸಗಾರರ ಸಹಿ ಎಲ್ಲ ಒಂದೇ ಕೈಯದು. ನೇಮಕಾತಿ ಪತ್ರದ ತೊಂದರೆಯೇ ಇದು. ಅದು ಒಂದು ಸಲ ಬರೆಯುವ ಕಾಗದ. ಒಂದೇ ರಾತ್ರಿಯಲ್ಲಿ ಹತ್ತು ವರ್ಷದ್ದನ್ನು ಸೃಷ್ಟಿಸಬಹುದು.

ಸಣ್ಣ ಊರಿನ ಕೆಲಸಗಾರನಿಗೆ ಇದಕ್ಕಿಂತ ಬೆಲೆಬಾಳುವ ಇನ್ನೊಂದು ಕಾಗದ ಇನ್ನೊಂದು ಸಂಹಿತೆಯಲ್ಲಿದೆ. ಅದರ ಬಗ್ಗೆ ಯಾವ ಚಾನೆಲ್ಲೂ ಕೂಗಲಿಲ್ಲ. 2019ರ ವೇತನ ಸಂಹಿತೆಯ 50ನೇ ಕಲಮಿನ ಪ್ರಕಾರ ಮಾಲೀಕನಾದವನು ಕೆಲಸಗಾರರಿಗೆ ಸಂಬಳದ ಚೀಟಿ ಕೊಡಬೇಕು. ಇಲ್ಲಿ ಹತ್ತು ಜನರ ಗೆರೆ ಇಲ್ಲ. ಹೊಲಗೆಲಸಕ್ಕೋ ಮನೆಗೆಲಸಕ್ಕೋ ಐದು ಜನರವರೆಗೆ ಇಟ್ಟುಕೊಂಡವರಿಗೆ ಮಾತ್ರ ವಿನಾಯಿತಿ. ಉಳಿದಂತೆ ಇಬ್ಬರಿರುವ ಬಟ್ಟೆ ಅಂಗಡಿಗೂ, ನಾಲ್ವರಿರುವ ಬೇಕರಿಗೂ ಇದು ಅನ್ವಯ. ಹಿಂದೆ ಕನಿಷ್ಠ ವೇತನ ಕಾಯ್ದೆ ನಡೆಯುತ್ತಿದ್ದುದು ಅದರ ಅನುಸೂಚಿಯಲ್ಲಿದ್ದ ಉದ್ಯೋಗಗಳಿಗೆ ಮಾತ್ರ. ವೇತನ ಪಾವತಿ ಕಾಯ್ದೆಗೆ ತಿಂಗಳಿಗೆ 24 ಸಾವಿರದ ಮಿತಿ ಇತ್ತು. ಈಗ ಆ ಪಟ್ಟಿಯೂ ಇಲ್ಲ, ಮಿತಿಯೂ ಇಲ್ಲ.

ನಮ್ಮಲ್ಲಿ ಈಗ ಸಂಬಳದ ಲೆಕ್ಕ ಇರುವುದೆಲ್ಲಿ? ಗಲ್ಲಾಪೆಟ್ಟಿಗೆಯ ಕೆಳಗಿನ ಒಂದು ಉದ್ದ ನೋಟ್‌ಬುಕ್ಕಿನಲ್ಲಿ. ರಟ್ಟಿನ ಮೇಲೆ ಲಕ್ಷ್ಮಿಯ ಚಿತ್ರ, ಆಯುಧಪೂಜೆಯ ದಿನ ಹಚ್ಚಿದ ಕುಂಕುಮ ಎಣ್ಣೆಗೆ ಕರಗಿ ಎರಡು ಮೂರು ಹಾಳೆಗೆ ಇಳಿದಿರುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಪುಟ. ಮೇಲೆ ಹೆಸರಲ್ಲ, ಕರೆಯುವ ಹೆಸರು: ‘ಕುಳ್ಳ’, ‘ಬಡವನಹಳ್ಳಿ ಹುಡುಗ’, ‘ಹೊಸ ಅಡುಗೆಯವಳು’. ಬಂದ ದಿನಕ್ಕೆ ಒಂದು ಗೀಟು, ಬಾರದ ದಿನಕ್ಕೆ ಸೊನ್ನೆ. ಮಧ್ಯೆ ಮಧ್ಯೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ ಅಂಕಿಗಳು. ಅದು ಅಡ್ವಾನ್ಸು. ಹಬ್ಬಕ್ಕೆ ಎರಡು ಸಾವಿರ, ತಂಗಿ ಮದುವೆಗೆ ಇಪ್ಪತ್ತು ಸಾವಿರ, ಆಸ್ಪತ್ರೆಗೆ ಐದು. ತಿಂಗಳ ಕೊನೆಗೆ ಮಾಲೀಕ ಅದನ್ನು ಕಳೆದು ಉಳಿದದ್ದನ್ನು ಕೈಗೆ ಕೊಡುತ್ತಾನೆ. ಎಷ್ಟು ಕಳೆದ, ಎಷ್ಟು ಬಾಕಿ ಎಂಬುದು ಆ ಪುಸ್ತಕಕ್ಕೆ ಗೊತ್ತು, ಪುಸ್ತಕ ಮಾಲೀಕನದು. ಎಲ್ಲ ಮಾಲೀಕರೂ ಮೋಸಗಾರರು ಎನ್ನುತ್ತಿಲ್ಲ. ಬಹಳಷ್ಟು ಜನ ಕೆಲಸಗಾರನ ಕಷ್ಟಕ್ಕೆ ಬ್ಯಾಂಕಿಗಿಂತ ಮೊದಲು ಒದಗುತ್ತಾರೆ. ಆದರೆ ಲೆಕ್ಕ ಒಂದೇ ಕಡೆ ಇದ್ದರೆ ಜಗಳ ಬಂದ ದಿನ ನ್ಯಾಯವೂ ಒಂದೇ ಕಡೆ ಇರುತ್ತದೆ.

ಜಗಳ ಬರುವುದು ಬಿಡುವಾಗ. ಬಟ್ಟೆ ಅಂಗಡಿಯೊಂದರಲ್ಲಿ ನಾಲ್ಕು ವರ್ಷ ಸೀರೆ ಮಡಚಿದ ಹುಡುಗಿ ಮದುವೆ ಗೊತ್ತಾಗಿ ಕೆಲಸ ಬಿಟ್ಟಳು. "ಅಣ್ಣ, ಕೊನೇ ತಿಂಗಳ ಸಂಬಳ ಹಿಡ್ಕೊಂಡವ್ರೆ. ಅಡ್ವಾನ್ಸ್ ಇನ್ನೂ ತೀರಿಲ್ಲ ಅಂತಾರೆ. ನಾನು ದೀಪಾವಳಿಗೇ ತೀರಿಸಿದ್ದೀನಿ" ಎಂದು ಅವಳು ನನ್ನ ಟೇಬಲ್ ಮುಂದೆ ನಿಂತಳು. ಅಂಗಡಿಯವರೂ ನನ್ನ ಗಿರಾಕಿಯೇ. ಅವರ ಪುಸ್ತಕ ತರಿಸಿ ನೋಡಿದರೆ ಬಾಕಿ ಇತ್ತು, ಅವಳು ಹೇಳುವ ಕಂತುಗಳು ಅದರಲ್ಲಿರಲಿಲ್ಲ. ಯಾರ ಮಾತು ನಿಜವೋ ದೇವರೇ ಬಲ್ಲ. ವೇತನ ಸಂಹಿತೆಯ 17ನೇ ಕಲಮಿನಂತೆ ಕೆಲಸ ಬಿಟ್ಟವರಿಗೂ ಬಿಡಿಸಿದವರಿಗೂ ಬರಬೇಕಾದ ಸಂಬಳವನ್ನು ಎರಡು ಕೆಲಸದ ದಿನಗಳಲ್ಲಿ ಕೊಟ್ಟು ಮುಗಿಸಬೇಕು. ಯಾವ ತಿಂಗಳ ಕಡಿತವೂ ಸಂಬಳದ ಅರ್ಧ ದಾಟಬಾರದು ಎಂದು 18ನೇ ಕಲಮು ಹೇಳುತ್ತದೆ. ನಾನು ಇವೆರಡನ್ನೂ ಅಂಗಡಿಯವರಿಗೆ ಓದಿ ಹೇಳಿದೆ. ಅರ್ಧ ಸಂಬಳ ಕೊಟ್ಟು ಕೈತೊಳೆದುಕೊಂಡರು. ಮದುವೆ ಮನೆಯವರು ಅಷ್ಟಕ್ಕೇ ಸುಮ್ಮನಾದರು. ತಿಂಗಳಿಗೊಂದು ಚೀಟಿ ಅವಳ ಕೈಲಿದ್ದಿದ್ದರೆ ಈ ಪಂಚಾಯ್ತಿಗೆ ಹತ್ತು ನಿಮಿಷ ಸಾಕಿತ್ತು.

ಕಾನೂನು ಒಂದು ದೊಡ್ಡ ಅನುಕೂಲ ಮಾಡಿಕೊಟ್ಟಿದೆ. ಸಂಬಳ ಕೊಟ್ಟಿಲ್ಲ, ಕಡಿಮೆ ಕೊಟ್ಟರು, ಅನ್ಯಾಯವಾಗಿ ಹಿಡಿದರು ಎಂದು ಕೆಲಸಗಾರ ಅರ್ಜಿ ಹಾಕಿದರೆ, ಕೊಟ್ಟಿದ್ದೇನೆ ಎಂದು ರುಜುವಾತು ಮಾಡುವ ಹೊಣೆ ಈಗ ಮಾಲೀಕನದು. ಅರ್ಜಿ ಹಾಕಲು ಮೂರು ವರ್ಷ ಸಮಯವಿದೆ. ಅಧಿಕಾರಿಗೆ ಮನವರಿಕೆಯಾದರೆ ಬಾಕಿಯ ಮೇಲೆ ಅದರ ಹತ್ತು ಪಟ್ಟಿನವರೆಗೆ ಪರಿಹಾರವನ್ನೂ ಕೊಡಿಸಬಹುದು. ಹಾಗಾಗಿ ಚೀಟಿಯ ಅಡಿಪ್ರತಿ ಇಟ್ಟುಕೊಳ್ಳುವುದು ಮಾಲೀಕನಿಗೇ ಹೆಚ್ಚು ಕ್ಷೇಮ. ಲಕ್ಷ್ಮಿ ಚಿತ್ರದ ಪುಸ್ತಕ ತೋರಿಸಿದರೆ ‘ಕುಳ್ಳ’ ಯಾರು ಎಂದು ಅಧಿಕಾರಿ ಕೇಳುತ್ತಾನೆ.

ಇಷ್ಟು ಹೇಳಿದರೂ ನನ್ನ ಗಿರಾಕಿಗಳು ಚೀಟಿಗೆ ಹೆದರುತ್ತಾರೆ. ಕಾರಣ ಅವರು ಬಾಯಿಬಿಟ್ಟು ಹೇಳುವುದಿಲ್ಲ, ನಾನು ಹೇಳುತ್ತೇನೆ. ಚೀಟಿ ಬರೆದರೆ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡುತ್ತಿರುವುದು ಬರವಣಿಗೆಯಲ್ಲೇ ಸಿಕ್ಕಿಬೀಳುತ್ತದೆ. ಹಾಗೆ ಕಡಿಮೆ ಕೊಟ್ಟದ್ದಕ್ಕೆ ದಂಡ 50 ಸಾವಿರದವರೆಗೆ. ಐದು ವರ್ಷದೊಳಗೆ ಎರಡನೇ ಸಲ ಸಿಕ್ಕಿದರೆ ಮೂರು ತಿಂಗಳವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ದಾಖಲೆ ಸರಿಯಾಗಿ ಇಡದಿದ್ದರೆ ದಂಡ 10 ಸಾವಿರದವರೆಗೆ ಮಾತ್ರ. ವ್ಯಾಪಾರಿಗೆ ಲೆಕ್ಕ ಹೇಳಿಕೊಡಬೇಕೆ? ಬರೆದು ಐವತ್ತು ಸಾವಿರ ತೆರುವ ಬದಲು ಬರೆಯದೆ ಹತ್ತು ಸಾವಿರ ತೆರುವುದೇ ಲಾಭ. ಸಂಹಿತೆ ಬರೆದವರು ಈ ಲೆಕ್ಕವನ್ನು ನೋಡದೆ ಬಿಟ್ಟದ್ದು ನನಗೆ ಆಶ್ಚರ್ಯ.

ಇನ್ನೊಂದು ಹೆದರಿಕೆ 2025ರ ಜುಲೈನಿಂದ ಶುರುವಾಯಿತು. ಫೋನಿನಲ್ಲಿ ಬಂದ ಹಣದ ಲೆಕ್ಕ ಹಿಡಿದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತಲ್ಲ, ಆಗ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು ಎಂಬುದು ಹಳೆಯ ನಿಯಮವೇ. ಆದರೆ ನಾಲ್ಕು ವರ್ಷದ ಲೆಕ್ಕ ಒಟ್ಟಿಗೆ ಎದುರು ಬಂದಾಗ ಎದೆ ಧಸಕ್ಕೆಂದಿತು. ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಕಾಗದ ಅಂಗಡಿ ಅಂಗಡಿಯಲ್ಲೂ ಅಂಟಿಕೊಂಡಿತು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದು ಸಮಾಧಾನ ಹೇಳಿದ ಮೇಲೆ ವ್ಯಾಪಾರಿಗಳು 25ಕ್ಕೆ ಕರೆದಿದ್ದ ಬಂದ್ ನಿಂತಿತು. ಕಾಗದಗಳೂ ಮೆಲ್ಲಗೆ ಉದುರಿದವು. ಆದರೆ ಒಂದು ಪರಿಣಾಮ ಹಾಗೇ ಉಳಿದಿದೆ. ಅದನ್ನು ಯಾರೂ ಗಮನಿಸಿಲ್ಲ. ಆ ತಿಂಗಳವರೆಗೆ ಸಂಬಳವನ್ನು ಫೋನ್‌ಪೇಯಲ್ಲಿ ಹಾಕುತ್ತಿದ್ದ ಎಷ್ಟೋ ಮಾಲೀಕರು ಮತ್ತೆ ನಗದಿಗೆ ತಿರುಗಿದರು. ಫೋನಿನಲ್ಲಿ ಬಿದ್ದಿದ್ದರೆ ಕೆಲಸಗಾರನಿಗೆ ಅದೇ ಒಂದು ದಾಖಲೆಯಾಗುತ್ತಿತ್ತು. ತೆರಿಗೆಯವರ ನೋಟಿಸು ಮಾಲೀಕನಿಗೆ, ಸಾಕ್ಷಿ ಹೋದದ್ದು ಕೆಲಸದವನದ್ದು. ಸಂಬಳ ಹಾಕಿದ್ದು ಖರ್ಚು, ಅದು ವಹಿವಾಟಿಗೆ ಸೇರುವುದಿಲ್ಲ ಎಂದು ನಾನು ಎಷ್ಟು ಹೇಳಿದರೂ ಶಿರಾದ ಒಬ್ಬರು ಒಪ್ಪಲೇ ಇಲ್ಲ. "ಸುಮ್ನಿರಿ ಸಾರ್, ಫೋನ್ ಮುಟ್ಟಿದ್ರೆ ನೋಟಿಸ್ ಬರುತ್ತೆ" ಎನ್ನುತ್ತಾರೆ.

ಚೀಟಿ ಸುಳ್ಳು ಹೇಳುವುದಿಲ್ಲವೇ? ಹೇಳುತ್ತದೆ. ಖಾಸಗಿ ಶಾಲೆಗಳಲ್ಲಿ ಒಂದು ಮೊತ್ತಕ್ಕೆ ಸಹಿ, ಇನ್ನೊಂದು ಮೊತ್ತ ಕೈಗೆ ಎಂಬುದು ನಮ್ಮ ಶೈಕ್ಷಣಿಕ ಜಿಲ್ಲೆಯಲ್ಲಿ ಗುಟ್ಟೇನಲ್ಲ. ಬ್ಯಾಂಕಿಗೆ ಪೂರ್ತಿ ಹಾಕಿ, ಮರುದಿನ ಎಟಿಎಂನಿಂದ ತೆಗೆಸಿ ವಾಪಸ್ ಪಡೆಯುವವರೂ ಇದ್ದಾರೆ. ಆದರೆ ಆ ಸುಳ್ಳು ಚೀಟಿಯೇ ಒಮ್ಮೊಮ್ಮೆ ಕೊಟ್ಟವರಿಗೆ ತಿರುಗಿ ಬೀಳುತ್ತದೆ. ಖಾಸಗಿ ಶಾಲೆಯ ಶಿಕ್ಷಕರಿಗೂ ಗ್ರಾಚ್ಯುಟಿ ಉಂಟು. 2009ರ ತಿದ್ದುಪಡಿ ಅದನ್ನು 1997ರ ಏಪ್ರಿಲ್ 3ರಿಂದಲೇ ಅನ್ವಯವಾಗುವಂತೆ ಕೊಟ್ಟಿತ್ತು, ಸುಪ್ರೀಂ ಕೋರ್ಟ್ 2022ರ ಆಗಸ್ಟ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಗ್ರಾಚ್ಯುಟಿ ಲೆಕ್ಕ ಸುಲಭ: ಕೊನೆಯ ತಿಂಗಳ ವೇತನವನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸಿದರೆ ಮುಗಿಯಿತು. ಇಲ್ಲಿ ‘ವೇತನ’ ಎಂದರೆ ಏನು ಎಂಬುದನ್ನು ಸಂಹಿತೆ ಬದಲಿಸಿದೆ. 15 ಸಾವಿರ ಸಂಬಳದಲ್ಲಿ ಮೂಲವೇತನ 5 ಸಾವಿರ, ಉಳಿದ 10 ಸಾವಿರ ಮನೆ ಬಾಡಿಗೆ, ಓಡಾಟ, ಅದು ಇದು ಎಂದು ಹಂಚಿಡುವುದು ನಮ್ಮ ಕಸುಬಿನ ಹಳೇ ಕೈಚಳಕ. ಈಗ ಭತ್ಯೆಗಳು ಒಟ್ಟು ಮೊತ್ತದ ಅರ್ಧ ದಾಟಿದರೆ ದಾಟಿದ್ದು ವೇತನಕ್ಕೆ ಸೇರುತ್ತದೆ. ಅಂದರೆ ವೇತನ 7,500. ಎಂಟು ವರ್ಷ ಪಾಠ ಮಾಡಿ ಬಿಡುವ ಮೇಷ್ಟ್ರಿಗೆ 5 ಸಾವಿರದ ಲೆಕ್ಕದಲ್ಲಿ ಸುಮಾರು 23 ಸಾವಿರ ಬರುತ್ತಿದ್ದುದು ಈಗ 34,600 ದಾಟುತ್ತದೆ. ಶಾಲೆಯ ಕಾರ್ಯದರ್ಶಿಗಳು ಈ ಲೆಕ್ಕ ಕೇಳಿದ ಮೇಲೆ ನೇಮಕಾತಿ ಪತ್ರದ ಮಾತು ಬಿಟ್ಟು ಮೂಲವೇತನದ ಮಾತಿಗೆ ಬಂದರು. ಹತ್ತಕ್ಕಿಂತ ಕಡಿಮೆ ಜನರಿರುವ ಕಡೆ ಗ್ರಾಚ್ಯುಟಿ ಇಲ್ಲ ಎಂಬುದನ್ನೂ ಅವರೇ ಹುಡುಕಿ ತೆಗೆದರು.

ಹುಣಸೆಯ ವಿಷಯ ಹೇಳದಿದ್ದರೆ ಈ ಸೀಮೆಯ ಲೆಕ್ಕ ಪೂರ್ತಿಯಾಗದು. ಬೇಸಿಗೆ ಬಂತೆಂದರೆ ಪಾವಗಡ, ಮಧುಗಿರಿ, ಶಿರಾ ಕಡೆಯ ಮನೆ ಜಗಲಿಗಳಲ್ಲಿ ಹೆಂಗಸರು ಹುಣಸೆ ಕುಟ್ಟಿ, ಬೀಜ ಬಿಡಿಸಿ, ನಾರು ತೆಗೆಯುತ್ತಾರೆ. ಕಿಲೋಗೆ ಇಷ್ಟು ಎಂದು ಕೂಲಿ. ಇವರು ಕೆಲಸಗಾರರು ಎಂದರೆ ಮಂಡಿಯವರು ನಗುತ್ತಾರೆ. "ಅವ್ರು ಮನೇಲಿ ಕೂತು ಮಾಡ್ಕೊಳೋದು, ನಮ್ ಕೆಲಸದವ್ರಲ್ಲ." ವೇತನ ಸಂಹಿತೆಯಲ್ಲಿ ತುಂಡುಗೆಲಸದ ಕೂಲಿಗೂ ಕನಿಷ್ಠ ದರ ಉಂಟು. ಆದರೆ ಮನೆಯಲ್ಲಿ ಕೂತು ಮಾಡುವವಳನ್ನು ಕೆಲಸಗಾರ್ತಿ ಎಂದು ಒಪ್ಪಿಸುವುದು ಇನ್ನೊಂದೇ ಯುದ್ಧ. ಅದನ್ನು ಚೀಟಿ ಗೆಲ್ಲಿಸುತ್ತದೆ ಎಂದು ನಾನು ಹೇಳಲಾರೆ. ಚೀಲ ಕೊಟ್ಟಾಗ ತೂಕ, ವಾಪಸ್ ಪಡೆದಾಗ ತೂಕ, ದರ, ಕೊಟ್ಟ ಹಣ ಇಷ್ಟನ್ನು ಬರೆದು ಅವಳ ಕೈಗೆ ಕೊಟ್ಟರೆ ತೂಕದ ಜಗಳವಾದರೂ ನಿಲ್ಲುತ್ತದೆ.

ಪಾವಗಡದ ನಾಗಲಮಡಿಕೆ ಕಡೆ ಕಥೆಯೇ ಬೇರೆ. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಊರುಗಳ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇದೆ. ಜಮೀನು ಕೊಟ್ಟ ರೈತರ ಕೈಯಲ್ಲಿ ಬರವಣಿಗೆ ಇದೆ: 28 ವರ್ಷದ ಗುತ್ತಿಗೆ, ಎಕರೆಗೆ ವರ್ಷಕ್ಕೆ 21 ಸಾವಿರದಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಜಮೀನಿಲ್ಲದೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಉಳಿದದ್ದು ಕಾವಲು, ಹುಲ್ಲು ಕತ್ತರಿಸುವುದು, ಪ್ಯಾನಲ್ ತೊಳೆಯುವಂಥ ಕೆಲಸ. ಅದೂ ಹೆಚ್ಚಾಗಿ ಗುತ್ತಿಗೆದಾರರ ಮೂಲಕ. ಇಲ್ಲಿ ಹೊಸ ಸಂಹಿತೆ ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ತೆಗೆದುಕೊಂಡಿದೆ. ಗುತ್ತಿಗೆದಾರನಿಗೆ ಲೈಸೆನ್ಸ್ ಬೇಕಾಗುವುದು ಹಿಂದೆ 20 ಜನರಿಗೆ, ಈಗ 50 ಜನರಿಗೆ. ನಲವತ್ತು ಜನರ ಗುತ್ತಿಗೆದಾರ ಲೈಸೆನ್ಸಿನ ಪಟ್ಟಿಯಲ್ಲಿ ಕಾಣದೆ ಉಳಿಯಬಹುದು. ಹಾಗಿದ್ದರೂ ಅವನು ಸಂಬಳ ಕೊಡದೆ ಹೋದರೆ ಕೆಲಸ ಮಾಡಿಸಿಕೊಂಡ ಸಂಸ್ಥೆಯೇ ಅದಕ್ಕೆ ಹೊಣೆ ಎಂದು ವೇತನ ಸಂಹಿತೆ ಹೇಳುತ್ತದೆ. ಹೊಣೆ ಹೊರಿಸಲು ಮೊದಲು ಆ ಮನುಷ್ಯ ಅಲ್ಲಿ ಕೆಲಸ ಮಾಡಿದ್ದ ಎಂದು ಗೊತ್ತಾಗಬೇಕಲ್ಲ. ಸಮವಸ್ತ್ರದ ಮೇಲಿನ ಹೆಸರು ಒಂದು, ಹಣ ತಂದುಕೊಡುವವನ ಹೆಸರು ಇನ್ನೊಂದು.

ಹೆಣ್ಣುಮಕ್ಕಳಿಗೆ ಋತುಚಕ್ರದ ರಜೆ, ತಿಂಗಳಿಗೊಂದು ದಿನದಂತೆ ವರ್ಷಕ್ಕೆ 12 ದಿನ ಸಂಬಳಸಹಿತ, ಎಂದು ರಾಜ್ಯ ಸರ್ಕಾರ 2025ರ ಕೊನೆಯಲ್ಲಿ ಆದೇಶ ಮಾಡಿತು. ಬೆಂಗಳೂರಿನ ಹೋಟೆಲ್ ಮಾಲೀಕರು ಅದರ ವಿರುದ್ಧ ಹೈಕೋರ್ಟಿಗೂ ಹೋದರು. ನಮ್ಮೂರಿನ ಅಂಗಡಿಗಳಲ್ಲಿ ಅದು ಇನ್ನೂ ಜಗಳದ ವಸ್ತುವೂ ಆಗಿಲ್ಲ. ರಜೆ ಹಾಕಿದ ದಿನ ಪುಸ್ತಕದಲ್ಲಿ ಸೊನ್ನೆ ಬೀಳುತ್ತದೆ, ಸೊನ್ನೆ ಯಾಕೆ ಬಿತ್ತು ಎಂದು ಕೇಳುವ ಕಾಗದ ಅವಳ ಕೈಲಿಲ್ಲ.

ಇನ್ನು ದೂರು ಕೊಡುವ ಜಾಗದ ಮಾತು. ಕಾರ್ಮಿಕ ಇಲಾಖೆಯ ದೊಡ್ಡ ಕೆಲಸವೇನಿದ್ದರೂ ತುಮಕೂರಿಗೆ ಹೋಗಬೇಕು. ಪಾವಗಡದಿಂದ ತುಮಕೂರು ನೂರು ಕಿಲೋಮೀಟರ್ ಆಸುಪಾಸು. ಬಸ್ಸೇ ಗತಿ. ಒಂದು ವಿಚಾರಣೆಗೆ ಒಂದು ದಿನದ ಕೂಲಿ ಹೋಯಿತು. ಏಳೆಂಟು ಸಾವಿರದ ಬಾಕಿಗೆ ನಾಲ್ಕು ವಾಯಿದೆ ತಿರುಗುವವರು ಯಾರು? ಮಾಲೀಕರಿಗೆ ಈ ದೂರವೇ ರಕ್ಷಣೆ. "ತುಮಕೂರ್ಗೆ ಹೋಗಿ ಕೇಸ್ ಹಾಕ್ಕೊ" ಎಂದು ಅವರು ಬೈಯುವುದು ಸುಮ್ಮನೆ ಅಲ್ಲ.

ಇದಕ್ಕೆ ಮದ್ದು ವೇತನ ಸಂಹಿತೆಯಲ್ಲೇ ಇದೆ. 45ನೇ ಕಲಮಿನ ಪ್ರಕಾರ ಸಂಬಳದ ಅರ್ಜಿಗಳನ್ನು ಕೇಳಲು ಸರ್ಕಾರ ಒಬ್ಬರನ್ನೋ ಹೆಚ್ಚು ಜನರನ್ನೋ ಅಧಿಸೂಚನೆಯಿಂದ ನೇಮಿಸಬಹುದು. ಗೆಜೆಟೆಡ್ ದರ್ಜೆಗಿಂತ ಕೆಳಗಿನವರಾಗಿರಬಾರದು, ಅಷ್ಟೇ. ಮೂರು ತಿಂಗಳಲ್ಲಿ ತೀರ್ಮಾನ ಮಾಡಲು ಯತ್ನಿಸಬೇಕೆಂದೂ ಅದು ಹೇಳುತ್ತದೆ. ಈ ನಾಲ್ಕು ತಾಲ್ಲೂಕುಗಳೂ ಸೇರಿ ಮಧುಗಿರಿ ಉಪವಿಭಾಗ. ಇಲ್ಲಿ ಉಪವಿಭಾಗಾಧಿಕಾರಿಗಳ (ಎ.ಸಿ.) ಕಚೇರಿ ಇದೆ. 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಮಕ್ಕಳು ಅನ್ನ ಹಾಕುತ್ತಿಲ್ಲ ಎಂದು ಬರುವ ಮುದುಕರ ಅರ್ಜಿಯನ್ನು ಉಪವಿಭಾಗಾಧಿಕಾರಿಗಳೇ ಕೇಳುತ್ತಾರೆ. ವಕೀಲರಿಲ್ಲದೆಯೇ ಅದು ನಡೆಯುತ್ತದೆ. ಮಗನ ಮೇಲಿನ ದೂರು ಮಧುಗಿರಿಯಲ್ಲಿ ತೀರ್ಮಾನವಾಗಬಹುದಾದರೆ ಮಾಲೀಕನ ಮೇಲಿನ ದೂರು ಯಾಕಾಗಬಾರದು? ಎ.ಸಿ.ಯವರಿಗೆ ಈಗಾಗಲೇ ಕೆಲಸ ಹೊರೆಯಾಗಿದೆ ಎಂದರೆ ಕಾರ್ಮಿಕ ಇಲಾಖೆಯ ಗೆಜೆಟೆಡ್ ಅಧಿಕಾರಿಯೊಬ್ಬರು ತಿಂಗಳಿಗೆರಡು ದಿನ ಮಧುಗಿರಿಯಲ್ಲಿ ಕೂರಲಿ, ಒಂದು ದಿನ ಪಾವಗಡದಲ್ಲಿ. ಅಧಿಸೂಚನೆ ಹೊರಡಿಸುವುದು ರಾಜ್ಯ ಸರ್ಕಾರದ ಕೈಲೇ ಇದೆ, ದೆಹಲಿಯನ್ನು ಕೇಳಬೇಕಾಗಿಲ್ಲ. ಜಿ. ಪರಮೇಶ್ವರ ಅವರು ಕೊರಟಗೆರೆಯ ಶಾಸಕರು, ಗೃಹ ಸಚಿವರೂ ಆಗಿದ್ದವರು. ಕಾರ್ಮಿಕ ಇಲಾಖೆ ಅವರದ್ದಲ್ಲದಿದ್ದರೂ ಅವರ ಮಾತಿಗೆ ತೂಕವಿದೆ.

ಚೀಟಿಯ ಖರ್ಚಿನ ಬಗ್ಗೆ ಗೊಣಗುವವರಿಗೆ ನನ್ನದೊಂದು ಮಾದರಿ ಇದೆ. ಬಿಲ್ ಬುಕ್ಕಿನ ಹಾಗೆ ಎರಡೆರಡು ಹಾಳೆ, ನಡುವೆ ಕಾರ್ಬನ್. ಹೆಸರು, ತಿಂಗಳು, ಬಂದ ದಿನ, ಓವರ್‌ಟೈಮ್, ಒಟ್ಟು ಸಂಬಳ, ಅಡ್ವಾನ್ಸ್ ಹಿಡಿದದ್ದು, ಅಡ್ವಾನ್ಸ್ ಬಾಕಿ, ಕೈಗೆ ಕೊಟ್ಟದ್ದು, ಇಬ್ಬರ ಸಹಿ. ಊರಿನ ಪ್ರೆಸ್ಸಿನಲ್ಲೇ ಅಚ್ಚು ಹಾಕಿಸಿ ಗಿರಾಕಿಗಳಿಗೆ ಕೊಡುತ್ತಿದ್ದೇನೆ. ತೆಗೆದುಕೊಂಡವರು ಕೆಲವರೇ. ಹೆಚ್ಚಿನವರು ತಕರಾರು ತೆಗೆಯುವುದು ‘ಅಡ್ವಾನ್ಸ್ ಬಾಕಿ’ ಎಂಬ ಕಾಲಮ್ಮಿಗೆ. ಅದೊಂದನ್ನು ತೆಗೆದು ಅಚ್ಚು ಹಾಕಿಸಿ, ಎಲ್ಲರೂ ತಗೊಳ್ತಾರೆ ಎನ್ನುತ್ತಾರೆ. ಆ ಕಾಲಮ್ಮು ಇದ್ದೇ ಇರುತ್ತದೆ.